ಹಳೆ ಓಮ್ನಿ ಸಾಕುವ ಲೆಕ್ಕ

ನಮ್ಮ ಮನೆಯ ಓಮ್ನಿ 2004ರದ್ದು. ನಾನು ತಗೊಂಡದ್ದು 2011ರಲ್ಲಿ, ಸೆಕೆಂಡ್ ಹ್ಯಾಂಡ್. ಆಗ ಮೀಟರಿನಲ್ಲಿ 90 ಸಾವಿರ ಕಿಲೋಮೀಟರ್ ಇತ್ತು. ಈಗ 2 ಲಕ್ಷ 30 ಸಾವಿರ ದಾಟಿದೆ. ನಡುವೆ ಒಂದಷ್ಟು ತಿಂಗಳು ಮೀಟರಿನ ಕೇಬಲ್ ತುಂಡಾಗಿತ್ತು. ಅದನ್ನೂ ಸೇರಿಸಿದರೆ ಇನ್ನೂ ಮೇಲೆಯೇ. ಆವರಗೆರೆ ಪಕ್ಕದ ಎರಡು ಎಕರೆಯಲ್ಲಿ ನಾನು ಬೆಳೆಯುವ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ದಾವಣಗೆರೆಗೋ ಹರಿಹರಕ್ಕೋ ಹೋಗುವುದು ಇದರಲ್ಲೇ. ಗೊಬ್ಬರ ಬರುವುದು, ನೆಂಟರ ಮದುವೆಗೆ ಹೋಗುವುದು, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯುವುದು ಎಲ್ಲ ಇದರಲ್ಲೇ.

2023ರ ಮೇ ತಿಂಗಳ ಒಂದು ಬೆಳಗಿನ ಜಾವ ನಾಲ್ಕೂವರೆಗೆ, ಹಿಂದಿನ ಸೀಟು ಮಡಚಿ ಹನ್ನೆರಡು ಕ್ರೇಟ್ ಟೊಮ್ಯಾಟೊ ಹೇರಿಕೊಂಡು ಹರಿಹರಕ್ಕೆ ಹೊರಟಿದ್ದೆ. ಹೈವೇ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೀಟ್ ತೋರಿಸುವ ಮುಳ್ಳು ಮೇಲೇರಿತು. ನಾನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. 'ಇನ್ನೇನು ಐದಾರು ಕಿಲೋಮೀಟರ್, ಮಾರ್ಕೆಟ್ ಮುಟ್ಟಿ ನೀರು ಹಾಕಿದರಾಯ್ತು' ಅಂದುಕೊಂಡೆ. ಹರಿಹರ ಎರಡು ಕಿಲೋಮೀಟರ್ ಇದೆ ಅನ್ನುವಾಗ ಸೀಟಿನ ಕೆಳಗಿಂದ ಆವಿ ಬಂತು, ಎಂಜಿನ್ ನಿಂತಿತು. ಟೊಮ್ಯಾಟೊವನ್ನು ಆಟೋದಲ್ಲಿ ಸಾಗಿಸುವ ಹೊತ್ತಿಗೆ ಹರಾಜು ಮುಗಿದಿತ್ತು. ಉಳಿದ ರೇಟಿಗೆ ಕೊಟ್ಟು ಬಂದೆ.

ಗಾಡಿ ಬಿಚ್ಚಿದ ಮೇಸ್ತ್ರಿ ಒಂದು ರಬ್ಬರ್ ಪೈಪು ಕೈಗೆ ಕೊಟ್ಟರು. ಹಿಂಡಿದರೆ ಒಣಗಿದ ಹಪ್ಪಳದಂತೆ ಪುಡಿಯಾಗುತ್ತಿತ್ತು.

"ಅಣ್ಣಾರೆ, ಈ ಪೈಪು ಎಷ್ಟು ವರ್ಷದ್ದು?"

"ಗೊತ್ತಿಲ್ಲಪ್ಪ. ಗಾಡಿ ಜೊತೆ ಬಂದದ್ದೇ ಇರಬೇಕು."

"ಹಂಗಾದ್ರೆ ಇದು ನಿಮ್ಮ ಮಗಳಿಗಿಂತ ದೊಡ್ಡದು ಬಿಡ್ರಿ."

ಆ ಪೈಪಿಗೆ 180 ರೂಪಾಯಿ. ಅದು ಒಡೆದದ್ದಕ್ಕೆ, ಒಡೆದ ಮೇಲೂ ನಾನು ಓಡಿಸಿದ್ದಕ್ಕೆ ತೆತ್ತದ್ದು 11,400. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಅಲ್ಯೂಮಿನಿಯಂ ಹೆಡ್ ಕಾವಿಗೆ ಸೊಟ್ಟಗಾಗಿತ್ತು. ಊರಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ಎರಡು ಲಕ್ಷ ಓಡೈತಿ, ಇನ್ನೇನೈತಿ ಅದ್ರಾಗೆ? ಗುಜರಿಗೆ ಹಾಕು." ಮಗ ಹೊಸ ಗಾಡಿಯ ಸಾಲದ ಕಾಗದವನ್ನೂ ತಂದಿಟ್ಟ.

ಆ ಕಾಗದ ನೋಡಿಯೇ ನಾನು ಲೆಕ್ಕಕ್ಕೆ ಕೂತದ್ದು. ಕೈಯಿಂದ ಒಂದಷ್ಟು ಹಾಕಿ ಉಳಿದ 4 ಲಕ್ಷ ಸಾಲ ತೆಗೆದರೆ, ನೂರಕ್ಕೆ ಹತ್ತರ ಬಡ್ಡಿಯಂತೆ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 8,500. ಒಟ್ಟು ಕಟ್ಟುವುದು 5 ಲಕ್ಷ 10 ಸಾವಿರ. ಟೊಮ್ಯಾಟೊ ಕಿಲೋಗೆ ಮೂರು ರೂಪಾಯಿ ಆದ ತಿಂಗಳಲ್ಲೂ 8,500 ಕಟ್ಟಲೇಬೇಕು. ಎರಡು ಎಕರೆಯವನಿಗೆ ಇದು ಆಗುವ ಮಾತಲ್ಲ. ಹಳೇದನ್ನೇ ಸರಿ ಮಾಡಿಸಿದೆ. ಅಂದಿನಿಂದ ಒಂದು ನೋಟುಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದೇನೆ. ಈ ಲೇಖನ ಆ ನೋಟುಬುಕ್ಕಿನದ್ದು.

ಕಿಲೋಮೀಟರ್ ಅಲ್ಲ, ರಬ್ಬರು ಮತ್ತು ನೀರು

ಮೊದಲು ನನಗೂ ಗೊತ್ತಿರಲಿಲ್ಲ. ಎರಡು ಲಕ್ಷ ಓಡಿದೆ ಅಂದರೆ ಒಳಗಿನ ಕಬ್ಬಿಣವೆಲ್ಲ ಸವೆದುಹೋಗಿದೆ ಅಂತಲೇ ನಂಬಿದ್ದೆ. ಹೆಡ್ ಬಿಚ್ಚಿದಾಗ ಮೇಸ್ತ್ರಿ ಸಿಲಿಂಡರಿನ ಗೋಡೆಗೆ ಟಾರ್ಚ್ ಹಿಡಿದು ತೋರಿಸಿದರು. ಗೀರಿಲ್ಲ. ಮೇಲಂಚಿನಲ್ಲಿ ಬೆರಳುಗುರಿಗೆ ತಾಕುವಂಥ ಮೆಟ್ಟಿಲೂ ಇಲ್ಲ. "ಆಯಿಲ್ ಟೈಮಿಗೆ ಸರಿಯಾಗಿ ಬದಲು ಮಾಡೀರಿ, ಅದಕ್ಕೆ ಉಳಿದೈತಿ" ಅಂದರು. ಅದೊಂದು ಕೆಲಸ ಮಾತ್ರ ನಾನು ಬಿಡದೆ ಮಾಡಿದ್ದೆ.

ಹಳೆ ಗಾಡಿಯಲ್ಲಿ ಕೆಡುವುದು ಬಹುಪಾಲು ಕಬ್ಬಿಣವಲ್ಲ. ಅದರ ಸುತ್ತ ಇರುವ ರಬ್ಬರ್ ಪೈಪು, ಬೆಲ್ಟು, ಸೀಲು, ವಯರು. ಇವು ಓಡಿಸಿದರೂ ಕೆಡುತ್ತವೆ, ನಿಲ್ಲಿಸಿದರೂ ಕೆಡುತ್ತವೆ. ಇವುಗಳ ಆಯುಸ್ಸನ್ನು ಕಿಲೋಮೀಟರಿನಲ್ಲಷ್ಟೇ ಅಲ್ಲ, ವರ್ಷದಲ್ಲೂ ಲೆಕ್ಕ ಹಾಕಬೇಕು. ಒಂದೊಂದೂ ನೂರಾರು ರೂಪಾಯಿಯದ್ದು. ಆದರೆ ಕೆಟ್ಟಾಗ ಪಕ್ಕದ ದೊಡ್ಡದನ್ನು ಕೆಡಿಸಿಯೇ ಹೋಗುತ್ತವೆ.

ಹೆಡ್ ಮಟ್ಟ ಮಾಡಿಸಲು ಹರಿಹರದ ಒಂದು ಮೆಷಿನ್ ಶಾಪಿಗೆ ಒಯ್ದಿದ್ದೆವು. ಅಲ್ಲಿ ಮೂಲೆಯಲ್ಲಿ ಒಂದು ಲೇಥ್ ನಿಂತಿತ್ತು, ಮೇಲೆ ಮೈಸೂರು ಕಿರ್ಲೋಸ್ಕರ್ ಹೆಸರು. ಹರಿಹರದ ಆ ಕಾರ್ಖಾನೆ ಶುರುವಾದದ್ದು 1940ರ ದಶಕದಲ್ಲಿ. ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಯ್ತು. ಅಲ್ಲಿ ಹುಟ್ಟಿದ ಲೇಥು ಮಾತ್ರ ಇನ್ನೂ ಕೆಲಸ ಮಾಡುತ್ತಿದೆ. ಎಷ್ಟು ವರ್ಷದ್ದು ಅಂತ ಕೇಳಿದೆ. ಶಾಪಿನವರು "ನಮ್ಮಪ್ಪನ ಕಾಲದ್ದು. ದಿನಾ ಬೆಳಗ್ಗೆ ಒರೆಸಿ ಆಯಿಲ್ ಹಾಕದೆ ಸ್ವಿಚ್ ಒತ್ತಂಗಿಲ್ಲ" ಅಂದರು.

ರೇಡಿಯೇಟರಿಗೆ ಬೋರಿನ ನೀರು ಬೇಡ

ನಾನು ಮಾಡಿದ ದೊಡ್ಡ ತಪ್ಪು ಇದು. ನೀರು ಕಡಿಮೆ ಆದಾಗಲೆಲ್ಲ ಬೋರಿನ ನೀರನ್ನೇ ಹಾಕುತ್ತಿದ್ದೆ. ಡ್ರಿಪ್ ಹಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋರಿನ ಗಡಸು ನೀರು ಲ್ಯಾಟರಲ್ಲಿನ ತೂತಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಅದೇ ಕಟ್ಟುತ್ತದೆ. ಅಲ್ಲಿ ನೀರು ಕುದಿಯುವಷ್ಟು ಬಿಸಿಯಾಗುವುದರಿಂದ ಇನ್ನೂ ಬೇಗ. ಡ್ರಿಪ್ಪಿಗೆ ಆಸಿಡ್ ಬಿಟ್ಟಂತೆ ಇದಕ್ಕೆ ಬಿಡಬೇಡಿ, ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಹಾಕಬೇಕಾದದ್ದು ಕೂಲಂಟ್. ಬೆರೆಸುವ ಜಾತಿಯದಾದರೆ ಡಬ್ಬಿಯ ಮೇಲೆ ಬರೆದ ಅಳತೆಯಂತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಜೊತೆ ಬೆರೆಸಿ. ತಯಾರು ಬೆರೆಸಿಟ್ಟದ್ದೂ ಸಿಗುತ್ತದೆ, ಅದಕ್ಕೆ ನೀರು ಸೇರಿಸಬಾರದು. ತುಕ್ಕು ಹಿಡಿಯದಂತೆ ಕಾಯುವ ಮದ್ದು ಕೂಲಂಟಿನಲ್ಲಿರುತ್ತದೆ. ಎರಡು ಮೂರು ವರ್ಷಕ್ಕೆ ಆ ಮದ್ದಿನ ಶಕ್ತಿ ಮುಗಿಯುತ್ತದೆ, ಆಗ ಪೂರ್ತಿ ಬದಲಿಸಬೇಕು.

ಇದರ ಜೊತೆ ನೋಡಬೇಕಾದ್ದು ಮೂರು. ಪೈಪುಗಳನ್ನು ಎಂಜಿನ್ ತಣ್ಣಗಿದ್ದಾಗ ಹಿಂಡಿ ನೋಡಿ. ಗಟ್ಟಿಯಾಗಿ ಕರಕರ ಅಂದರೂ ತಪ್ಪು, ಮೆತ್ತಗೆ ಉಬ್ಬಿದ್ದರೂ ತಪ್ಪು. ರೇಡಿಯೇಟರಿನ ಮುಚ್ಚಳದ ರಬ್ಬರು ನೋಡಿ. ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ಮಾಡುವುದು ಅದೇ ಮುಚ್ಚಳ, ಬರೀ ಮುಚ್ಚಲಿಕ್ಕೆ ಇರುವುದಲ್ಲ. ಮೂರನೆಯದು, ಗಾಡಿ ನಿಂತಲ್ಲೇ ಹತ್ತು ಹದಿನೈದು ನಿಮಿಷ ಚಾಲೂ ಇಟ್ಟು ಫ್ಯಾನ್ ತಾನಾಗಿ ತಿರುಗುತ್ತದೋ ನೋಡಿ.

ಇನ್ನೊಂದು ಮಾತು. ಗಾಡಿ ಹೀಟ್ ಆದ ಕೂಡಲೆ ಕೆಲವು ಗ್ಯಾರೇಜಿನವರು ಥರ್ಮೋಸ್ಟಾಟ್ ಕಿತ್ತು ಎಸೆಯುತ್ತಾರೆ. ನನ್ನದನ್ನೂ ಯಾರೋ ಹಿಂದೆಯೇ ಕಿತ್ತಿದ್ದರು. ಎಂಜಿನ್ ಬೇಗ ಬಿಸಿಯಾಗಿ ಒಂದು ಹದಕ್ಕೆ ಬರಲಿ ಅಂತ ಇರುವ ಬಾಗಿಲು ಅದು. ಕಿತ್ತರೆ ಎಂಜಿನ್ ಹದಕ್ಕೆ ಬರುವುದೇ ತಡ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಹೊಸದು ಹಾಕಿಸಿದ ಮೇಲೆ ನನಗೆ ಲೀಟರಿಗೆ ಒಂದು ಕಿಲೋಮೀಟರಿನಷ್ಟು ಹೆಚ್ಚು ಸಿಗುತ್ತಿದೆ.

ಮುಳ್ಳು ಮೇಲೇರಿದರೆ ಅಲ್ಲೇ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಮುಖ ಸುಡುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಮುಕ್ಕಾಲು ಗಂಟೆ ಕಾಯಿರಿ. ಹೆಡ್ ಗ್ಯಾಸ್ಕೆಟ್ ಹೋಗಿದೆಯೋ ಇಲ್ಲವೋ ತಿಳಿಯಲು: ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ತಣ್ಣಗಿದ್ದಾಗ ಮುಚ್ಚಳ ತೆಗೆದು ಚಾಲೂ ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಹೋಗಿದೆ ಅಂತಲೇ ತಿಳಿಯಿರಿ. ಚಳಿಗಾಲದ ಬೆಳಗ್ಗೆ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಹೆದರಬೇಡಿ, ಅದು ಸೈಲೆನ್ಸರಿನ ತೇವ.

ಆಯಿಲ್ ಕುಡಿಯುವ ಗಾಡಿ

5 ಸಾವಿರ ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲು. ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ. ಹಳೆ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುತ್ತದೆ, ಅದು ದೊಡ್ಡ ರೋಗವಲ್ಲ. ಅಳತೆ ಕಡ್ಡಿ ನೋಡದೆ ಓಡಿಸುವುದು ರೋಗ. ನಾನು ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ, ಮುಂದಿನ ಸೀಟು ಎತ್ತಿ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮೂರನ್ನೂ ನೋಡುತ್ತೇನೆ. ಐದು ನಿಮಿಷದ ಕೆಲಸ.

ನೀಲಿ ಹೊಗೆ ಬಂದರೆ ಕೂಡಲೆ 'ಬೋರ್ ಮಾಡಿಸಬೇಕು' ಅನ್ನುವವರಿದ್ದಾರೆ. ದುಡ್ಡು ಕೊಡುವ ಮೊದಲು ನೋಡಿ. ಬೆಳಗ್ಗೆ ಚಾಲೂ ಮಾಡಿದಾಗ ಒಂದು ಗುಕ್ಕು ನೀಲಿ ಹೊಗೆ ಬಂದು ಆಮೇಲೆ ನಿಂತರೆ ಹೆಚ್ಚಾಗಿ ಅದು ವಾಲ್ವಿನ ರಬ್ಬರ್ ಸೀಲು, ಸಣ್ಣ ಖರ್ಚು. ಏರಿನಲ್ಲಿ ಒತ್ತಿದಾಗಲೆಲ್ಲ ಬಂದರೆ ರಿಂಗಿನ ಮೇಲೆ ಅನುಮಾನ. ಕಂಪ್ರೆಶನ್ ಅಳೆಯುವ ಗೇಜ್ ಇರುವ ಗ್ಯಾರೇಜಿನಲ್ಲಿ ಮೂರೂ ಸಿಲಿಂಡರ್ ಅಳೆಸಿ. ಯಾವುದಾದರೂ ಒಂದು ಬಹಳ ಕಡಿಮೆ ಇದ್ದರೆ, ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಈಗ ಏರಿದರೆ ದೋಷ ರಿಂಗಿನಲ್ಲಿ. ಆಯಿಲ್ ಅಲ್ಲಿ ಸಂದು ಮುಚ್ಚಿದ್ದಕ್ಕೆ ಏರಿತು. ಏರದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ. ಈ ಒಂದು ಚಮಚ ಆಯಿಲ್ ನನ್ನ ಪಕ್ಕದ ಹೊಲದವರಿಗೆ ಒಂದು ಇಡೀ ಎಂಜಿನ್ ಕೆಲಸ ಉಳಿಸಿತು. ಅವರದ್ದೂ 800 ಸಿ.ಸಿ. ಕಾರೇ, ವಾಲ್ವ್ ಉಜ್ಜಿಸಿದ್ದರಲ್ಲೇ ಮುಗಿಯಿತು.

ಟೈಮಿಂಗ್ ಬೆಲ್ಟ್

ಇದನ್ನು ಬಹಳ ಜನ ಮರೆಯುತ್ತಾರೆ, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಕ್ರ್ಯಾಂಕಿನ ತಿರುಗನ್ನು ವಾಲ್ವುಗಳಿಗೆ ಮುಟ್ಟಿಸುವ ಹಲ್ಲಿನ ರಬ್ಬರ್ ಬೆಲ್ಟು ಅದು. ಸದ್ದು ಮಾಡದೆ, ಮುನ್ಸೂಚನೆ ಕೊಡದೆ ತುಂಡಾಗುತ್ತದೆ. ತುಂಡಾದ ಜಾಗದಲ್ಲೇ ಗಾಡಿ ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುವುದೂ ಉಂಟು. ಹಳೆ ಗಾಡಿ ಕೊಂಡವರು, ಹಿಂದಿನ ಮಾಲೀಕರು 'ಹಾಕಿಸಿದೀನಿ' ಅಂದರೂ ಬಿಲ್ ಇಲ್ಲದಿದ್ದರೆ ಹೊಸದು ಹಾಕಿಸಿಬಿಡಿ. ಹಾಕಿಸಿದ ತಾರೀಕು, ಕಿಲೋಮೀಟರ್ ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಗೆ ಅಂಟಿಸಿ.

ಕ್ಲಚ್, ಬ್ರೇಕ್, ಟೈರ್

ಎಂಜಿನ್ ಜೋರಾಗಿ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ. ಬದಲಿಸುವಾಗ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ. ಬೇರಿಂಗಿನಲ್ಲಿ ಇನ್ನೂರು ಮುನ್ನೂರು ಉಳಿಸಿ ಆರು ತಿಂಗಳಿಗೆ ಮತ್ತೆ ಇಳಿಸಿದವರನ್ನು ನೋಡಿದ್ದೇನೆ. 2024ರಲ್ಲಿ ನನಗೆ ಕೂಲಿ ಸೇರಿ 4,200 ಆಯ್ತು. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ನನ್ನ ಮಗನಿಗಿತ್ತು. ಆ ಖರ್ಚಾದ ಮೇಲೆ ಬಿಟ್ಟ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಬೇಡ. ಹೇರಿಕೊಂಡು ಹೈವೇಯಲ್ಲಿ ಹೋಗುವ ಗಾಡಿ ಇದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಬದಲಿಸದಿದ್ದರೆ ಒಳಗಿಂದ ತುಕ್ಕು, ಬಿಸಿಯಾದಾಗ ಪೆಡಲ್ ಮೆತ್ತಗೆ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿ ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆ. ಆ ಆಯಿಲ್ ಲೈನರಿಗೆ ತಾಗಿದರೆ ಲೈನರೂ ಹೋಯ್ತು.

ಟೈರಿನ ಹೂವು ಎಷ್ಟಿದೆ ಅಂತ ಮಾತ್ರ ನೋಡಬೇಡಿ, ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಟೈರ್ ಅಗ್ಗಕ್ಕೆ ಸಿಗುತ್ತದೆ, ಹೂವೂ ಚೆನ್ನಾಗಿ ಕಾಣುತ್ತದೆ, ರಬ್ಬರು ಮಾತ್ರ ಹತ್ತು ವರ್ಷದ್ದಿರುತ್ತದೆ.

ಇಲಿ ಕಾಟ

ಹೊಲದಲ್ಲಿ ಗಾಡಿ ನಿಲ್ಲಿಸುವ ನಮಗೆ ಇದು ಸಿಟಿಯವರಿಗಿಂತ ಹೆಚ್ಚು. ಮೆಕ್ಕೆಜೋಳದ ರಾಶಿ ಪಕ್ಕದಲ್ಲಿ ಮೂರು ದಿನ ನಿಲ್ಲಿಸಿದ್ದೆ. ನಾಲ್ಕನೇ ದಿನ ಚಾಲೂ ಆಗಲಿಲ್ಲ. ಬಿಚ್ಚಿದರೆ ಸೀಟಿನ ಕೆಳಗೆ ಗೂಡು, ಎರಡು ವಯರು ತುಂಡು. ತಂಬಾಕು, ಕರ್ಪೂರ, ಫಿನಾಯಿಲ್ ಎಲ್ಲ ಇಟ್ಟು ನೋಡಿದೆ, ನಾಲ್ಕು ದಿನ ನಡೆಯುತ್ತದೆ ಅಷ್ಟೇ. ರಾಶಿಯಿಂದ ದೂರ ನಿಲ್ಲಿಸುವುದು, ದಿನಾ ಒಮ್ಮೆ ಚಾಲೂ ಮಾಡುವುದು, ಗಾಡಿಯಲ್ಲಿ ಕಾಳು ಚೆಲ್ಲಿರದಂತೆ ಗುಡಿಸುವುದು, ಇಷ್ಟೇ ನನಗೆ ಫಲ ಕೊಟ್ಟದ್ದು.

ಎಲೆಕ್ಟ್ರಿಕ್ ಕೆಲಸದಲ್ಲಿ ಮೊದಲು ನೋಡಬೇಕಾದ್ದು ಅರ್ಥ್ ವಯರು. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಕಟ್ಟಿರುವ ಆ ದಪ್ಪ ವಯರಿನ ಬುಡ ತುಕ್ಕು ಹಿಡಿದಿದ್ದರೆ ಸ್ಟಾರ್ಟರ್ ಸೋಮಾರಿ, ಲೈಟು ಮಂಕು. ಉಪ್ಪುಕಾಗದದಿಂದ ಉಜ್ಜಿ ಬಿಗಿದರೆ ಸರಿಯಾಗುತ್ತದೆ. ಬೋರಿನ ಕೆಲಸಕ್ಕೆ ಅಂತ ಮಲ್ಟಿಮೀಟರ್ ಇಟ್ಟುಕೊಂಡವರು ಬ್ಯಾಟರಿಗೂ ಹಿಡಿದು ನೋಡಿ. ಗಾಡಿ ಬಂದಿದ್ದಾಗ 12.6 ವೋಲ್ಟಿನ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ. ಚಾಲೂ ಇದ್ದಾಗ 13.8ರಿಂದ 14.5ರ ಒಳಗಿದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ. ಅದು ಮಾಡದಿದ್ದರೆ ಹೊಸ ಬ್ಯಾಟರಿ ತಂದರೂ ಎರಡು ದಿನದಲ್ಲಿ ಇಳಿಯುತ್ತದೆ. ಬ್ಯಾಟರಿ ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ.

ನಾವು ಬೆಳೆದ ಜೋಳ, ನಮ್ಮ ಗಾಡಿಯ ಪೈಪು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತಿದೆ. 2030ಕ್ಕೆ ಅಂತ ಮೊದಲು ಇಟ್ಟಿದ್ದ ಈ ಗುರಿಯನ್ನು 2025ಕ್ಕೇ ಮುಟ್ಟಿದರು. ಎಥೆನಾಲ್ ಬರುವುದು ಕಬ್ಬಿನಿಂದ, ಅಕ್ಕಿಯಿಂದ, ಮೆಕ್ಕೆಜೋಳದಿಂದ. ದಾವಣಗೆರೆ ಸುತ್ತ ಮೆಕ್ಕೆಜೋಳ ಬೆಳೆಯುವ ನಾವು ಇದಕ್ಕೆ ಬೇಡ ಅನ್ನಲಾರೆವು. ಆದರೆ 2004ರ ಗಾಡಿಯ ರಬ್ಬರನ್ನು ಇದಕ್ಕಾಗಿ ಮಾಡಿದ್ದಲ್ಲ.

ಎಥೆನಾಲ್ ಹಳೆಯ ಜಾತಿಯ ರಬ್ಬರನ್ನು ಉಬ್ಬಿಸುತ್ತದೆ, ಆಮೇಲೆ ಬಿರುಕು ಬಿಡಿಸುತ್ತದೆ. ತೇವವನ್ನೂ ಹೀರುತ್ತದೆ. ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಅರೆ ಖಾಲಿ ಟ್ಯಾಂಕಿನಲ್ಲಿ ನೀರು ಸೇರಿ ತಳಕ್ಕೆ ತುಕ್ಕು. ಅದರ ಶಕ್ತಿ ಪೆಟ್ರೋಲಿಗಿಂತ ಕಡಿಮೆ, ಹಾಗಾಗಿ ಮೈಲೇಜು ಸ್ವಲ್ಪ ಇಳಿಯುವುದೂ ನಿಜ. ನಾನು ಮಾಡಿದ್ದು ಇಷ್ಟು: ಟ್ಯಾಂಕಿನಿಂದ ಎಂಜಿನ್ನಿನವರೆಗೆ ಎಲ್ಲೆಲ್ಲಿ ರಬ್ಬರ್ ಪೈಪು ಇದೆಯೋ ಎಲ್ಲ ಕಿತ್ತು, ಈಗಿನ ಪೆಟ್ರೋಲಿಗೆ ಆಗುವ ಫ್ಯೂಯಲ್ ಪೈಪು ಕೇಳಿ ಹಾಕಿಸಿದೆ, ಕ್ಲಿಪ್ಪೂ ಹೊಸದು, ಫಿಲ್ಟರೂ ಹೊಸದು. 900 ರೂಪಾಯಿ. ಓಮ್ನಿಯಲ್ಲಿ ಎಂಜಿನ್ ಇರುವುದೇ ನಾವು ಕೂರುವ ಸೀಟಿನ ಕೆಳಗೆ. ಪೆಟ್ರೋಲ್ ವಾಸನೆ ಬಂದರೆ 'ಹಳೆ ಗಾಡಿ, ಬರುತ್ತೆ' ಅನ್ನಬೇಡಿ. ಅವತ್ತೇ ಬಿಚ್ಚಿಸಿ.

ನನ್ನದು ಎಂ.ಪಿ.ಎಫ್.ಐ. ಎಂಜಿನ್ನು. ಇದರ ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಮುಳುಗಿದ್ದು, ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ. ನೂರು ನೂರು ರೂಪಾಯಿಯದು ಹಾಕಿಸಿ ಸದಾ ರಿಸರ್ವಿನಲ್ಲಿ ಓಡಿಸಿದರೆ ಪಂಪಿಗೆ ಆಯುಸ್ಸಿಲ್ಲ. ನಮ್ಮ ಸಬ್‌ಮರ್ಸಿಬಲ್ ಮೋಟಾರು ನೀರಿಲ್ಲದೆ ತಿರುಗಿದರೆ ಏನಾಗುತ್ತದೋ ಅದೇ.

ಪೆಟ್ರೋಲ್ ಉಳಿಸಲು ಅಡುಗೆ ಮನೆಯ ಸಿಲಿಂಡರನ್ನೇ ಓಮ್ನಿಗೆ ಇಟ್ಟು ಓಡಿಸುವವರನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಬೇಡ. ಗ್ಯಾಸ್ ಬೇಕಿದ್ದರೆ ಮಾನ್ಯತೆ ಇರುವ ಕಿಟ್ ಹಾಕಿಸಿ, ಆರ್.ಸಿ.ಯಲ್ಲಿ ಬರೆಸಿ. ಇಲ್ಲದಿದ್ದರೆ ಅನಾಹುತವಾದಾಗ ಇನ್ಶೂರೆನ್ಸಿನಿಂದಲೂ ಬಿಡಿಗಾಸು ಹುಟ್ಟುವುದು ಕಷ್ಟ.

ಬಿಡಿಭಾಗ ಸಿಗುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ. ಸಿಗುತ್ತದೆ. ಮಾರುತಿ 800 ಹೊರಬಂದದ್ದು 1983ರ ಡಿಸೆಂಬರಿನಲ್ಲಿ, ವ್ಯಾನು ಮರುವರ್ಷ. 800 ನಿಂತದ್ದು 2014ರಲ್ಲಿ, ಓಮ್ನಿ 2019ರಲ್ಲಿ. ಎರಡಕ್ಕೂ ಅದೇ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನು. ಮೂವತ್ತು ವರ್ಷದ ಮೇಲೆ ತಯಾರಾದ ಗಾಡಿಗಳಾದ್ದರಿಂದ ಸಾಮಾನು ದಾವಣಗೆರೆಯ ಅಂಗಡಿಗಳಲ್ಲೇ ಸಿಗುತ್ತದೆ, ಬಿಚ್ಚಲು ಗೊತ್ತಿರುವ ಕೈಗಳೂ ಊರೂರಲ್ಲಿವೆ. ಹಳೆ ಗಾಡಿ ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವಾಗ ಇದನ್ನು ಮೊದಲು ನೋಡಬೇಕು. ಕಡಿಮೆ ಮಾರಾಟವಾಗಿ ನಿಂತುಹೋದ ಕಾರು ಎಷ್ಟೇ ಚೆನ್ನಾಗಿದ್ದರೂ ಒಂದು ಸೆನ್ಸರಿಗೆ ತಿಂಗಳು ಕಾಯಿಸುತ್ತದೆ.

ಡೂಪ್ಲಿಕೇಟ್ ಸಾಮಾನಿನ ವಿಷಯದಲ್ಲಿ ನನ್ನ ಪದ್ಧತಿ: ಬಾಗಿಲ ಹಿಡಿ, ಕನ್ನಡಿ, ಬಂಪರು ಗುಜರಿಯದ್ದೂ ಆದೀತು. ಬೆಲ್ಟು, ಬ್ರೇಕು, ಬೇರಿಂಗು, ಗ್ಯಾಸ್ಕೆಟ್ಟು ಮಾತ್ರ ಒರಿಜಿನಲ್, ಬಿಲ್ ಸಮೇತ. ಬಿಚ್ಚಿದ ಹಳೆ ಸಾಮಾನನ್ನು ಮನೆಗೆ ಕೇಳಿ ತರುತ್ತೇನೆ. ಮೇಸ್ತ್ರಿಯ ಮೇಲೆ ಅನುಮಾನ ಅಂತಲ್ಲ, ಹೇಗೆ ಕೆಟ್ಟಿತು ಅಂತ ನೋಡಿದರೆ ಮುಂದಿನ ಸಲ ಮೊದಲೇ ತಿಳಿಯುತ್ತದೆ.

ಕಾಗದಪತ್ರ

ಸ್ವಂತ ಗಾಡಿಗೆ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸಬೇಕು. ನನ್ನದು ಮೊದಲು 2019ರಲ್ಲಿ ಆಯ್ತು, ಆಗ ಕಾರಿನ ಶುಲ್ಕ 600. 2022ರ ಏಪ್ರಿಲಿನಿಂದ ಅದು 5,000 ಆಯ್ತು. 2024ರಲ್ಲಿ ನಾನು ಕಟ್ಟಿದ್ದು ಅಷ್ಟು. 2025ರ ಆಗಸ್ಟಿನಲ್ಲಿ ಬಂದ ಆದೇಶದಂತೆ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000, ತೆರಿಗೆ ಬೇರೆ. ಅಂದರೆ 2029ರಲ್ಲಿ ನನಗೆ ಅದು ಬರುತ್ತದೆ. ನವೀಕರಣಕ್ಕೆ ಮುಂಚೆ ಲೈಟು, ಇಂಡಿಕೇಟರು, ಹಾರ್ನು, ಬ್ರೇಕು, ಟೈರು, ಟಿಂಕರಿಂಗ್ ಎಲ್ಲ ಮುಗಿಸಿಕೊಂಡು ಹೋಗಿ. ಹೊಗೆ ಪರೀಕ್ಷೆಯ ಚೀಟಿ ಬಿ.ಎಸ್.-4ಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ. ಇನ್ಶೂರೆನ್ಸಿನಲ್ಲಿ ಥರ್ಡ್ ಪಾರ್ಟಿ ಮಾತ್ರ ಮಾಡಿಸುತ್ತೇನೆ. 1000 ಸಿ.ಸಿ. ಒಳಗಿನ ಕಾರಿಗೆ 2022ರ ಜೂನಿನಲ್ಲಿ ನಿಗದಿಯಾದ ದರ ತೆರಿಗೆ ಬಿಟ್ಟು 2,094.

ನೋಟುಬುಕ್ಕಿನ ಲೆಕ್ಕ

2023ರ ಮೇಯಿಂದ 2025ರ ಕೊನೆವರೆಗೆ ಆದ ಖರ್ಚು: ಹೆಡ್ಡಿನ ಕೆಲಸ 11,400, ಕ್ಲಚ್ 4,200, ಆರ್.ಸಿ. 5,000, ಅದಕ್ಕೆ ಮುಂಚಿನ ಟಿಂಕರಿಂಗ್ ಮತ್ತು ಪೇಂಟ್ 6,500, ಬ್ಯಾಟರಿ 3,600, ಬ್ರೇಕ್ 3,100, ಎರಡು ಟೈರ್ 4,400, ಪೆಟ್ರೋಲ್ ಪೈಪು 900, ಐದು ಸಲದ ಆಯಿಲ್ 6,500. ಒಟ್ಟು 45,600 ರೂಪಾಯಿ. ಮಗ ತಂದ ಕಾಗದದ ಐದೂವರೆ ತಿಂಗಳ ಕಂತಿಗೂ ಇದು ಸಮವಲ್ಲ. ಹೊಸ ಗಾಡಿಗೂ ಆಯಿಲ್ ಬೇಕಲ್ಲ ಅಂದರೆ, ಅದೂ ನಿಜ, ಅದನ್ನು ನಾನು ಕಳೆದಿಲ್ಲ.

ಇನ್ನೊಂದು ಕಡೆಯದ್ದನ್ನೂ ಹೇಳಬೇಕು. ಈ ಅವಧಿಯಲ್ಲಿ ಗಾಡಿ ಗ್ಯಾರೇಜಿನಲ್ಲಿ ಹದಿನಾಲ್ಕು ದಿನ ಇತ್ತು, ಅದರಲ್ಲಿ ಆರು ದಿನ ಬಾಡಿಗೆ ಗಾಡಿ ಹಿಡಿದಿದ್ದೇನೆ. ಓಮ್ನಿಯಲ್ಲಿ ಎದುರಿಂದ ಗುದ್ದಿದರೆ ಕಾಪಾಡಲು ಮುಂದೆ ಎಂಜಿನ್ನೂ ಇಲ್ಲ, ಗಾಳಿಚೀಲವೂ ಇಲ್ಲ. ಅದಕ್ಕೇ ಹೈವೇಯಲ್ಲಿ ನಾನು 50ರ ಮೇಲೆ ಹೋಗುವುದಿಲ್ಲ, ದೂರದ ಊರಿಗೆ ಬಸ್ಸು ಹತ್ತುತ್ತೇನೆ. ದಿನಾ ನೂರಾರು ಕಿಲೋಮೀಟರ್ ಓಡಿಸುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ತುಕ್ಕು ನೋಡಿ ತೀರ್ಮಾನ

ಎಂಜಿನ್ ಮತ್ತೆ ಕಟ್ಟಬಹುದು, ಅಡಿಭಾಗ ಕಟ್ಟಲಾಗದು. ನಮ್ಮ ಗಾಡಿಗಳಿಗೆ ತುಕ್ಕು ಹಿಡಿಸುವುದು ಮಳೆಗಿಂತ ಹೆಚ್ಚಾಗಿ ಗೊಬ್ಬರ. ಪೊಟ್ಯಾಷ್ ಚೀಲದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ದಾಯಾದಿ. ಚೀಲದ ಹೊಲಿಗೆಯಿಂದ ಉದುರಿದ ಪುಡಿ ಮ್ಯಾಟಿನ ಕೆಳಗೆ ಸೇರಿ ತೇವ ಹೀರಿ ತಗಡನ್ನು ತಿನ್ನುತ್ತದೆ. ಯೂರಿಯಾವೂ ತೇವ ಎಳೆಯುತ್ತದೆ. ನಾನು ಈಗ ಗೊಬ್ಬರ ತರುವ ದಿನ ಹಳೆ ಟಾರ್ಪಾಲು ಹಾಸಿ ಅದರ ಮೇಲೆ ಚೀಲ ಇಡುತ್ತೇನೆ, ಇಳಿಸಿದ ಮೇಲೆ ಮ್ಯಾಟು ಎತ್ತಿ ತೊಳೆದು ಬಾಗಿಲು ತೆರೆದು ಒಣಗಿಸುತ್ತೇನೆ. ಗದ್ದೆಯ ಕೆಸರು ಅಡಿಗೆ ಮೆತ್ತಿದ್ದನ್ನೂ ಒಣಗಲು ಬಿಡದೆ ನೀರು ಹೊಡೆಯುತ್ತೇನೆ.

ವರ್ಷಕ್ಕೊಮ್ಮೆ ಗಾಡಿ ಎತ್ತಿಸಿ, ದಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಭಾಗವನ್ನೆಲ್ಲ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ಡಬ್ ಅನ್ನುತ್ತದೆ. ಅಲ್ಲಿ ಮೊನೆ ಒತ್ತಿ ನೋಡಿ. ನೆಲದ ತಗಡಿನಲ್ಲಿ ತೂತಾದರೆ ತೇಪೆ ಹಾಕಬಹುದು. ಹಿಂದಿನ ಪ್ಲೇಟುಗಳನ್ನು ಕಚ್ಚಿ ಹಿಡಿಯುವ ಜಾಗ, ಸ್ಟೇರಿಂಗ್ ಕೂತ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಈ ಮೂರರಲ್ಲಿ ಮೊನೆ ಒಳಗೆ ಹೋದರೆ ಗಾಡಿಗೆ ಕೈ ಮುಗಿಯಿರಿ. ಎಂಜಿನ್ ಎಷ್ಟೇ ಚೆನ್ನಾಗಿರಲಿ.

ಈ ಜನವರಿಯಲ್ಲಿ ನಾನು ತಟ್ಟಿದಾಗ ಎಡಗಡೆ ಹಿಂದಿನ ಪ್ಲೇಟಿನ ಕೊಂಡಿಯಿಂದ ಒಂದು ಗೇಣು ಮುಂದೆ ಡಬ್ ಅಂತು. ಮೊನೆ ಒತ್ತಿದೆ, ಹೋಗಲಿಲ್ಲ. ಉಜ್ಜಿ, ತುಕ್ಕು ತೆಗೆದು, ರೆಡ್ ಆಕ್ಸೈಡ್ ಬಳಿದಿದ್ದೇನೆ. ವೆಲ್ಡಿಂಗ್ ಮಾಡುವವರನ್ನು ಕರೆಸಿ ತೋರಿಸಿದೆ. "ಇನ್ನೆರಡು ಮಳೆಗಾಲ ನೋಡ್ರಿ. ಆಮೇಲೆ ನನ್ನ ಕರೀಬ್ಯಾಡ್ರಿ, ಗುಜರಿಯವರನ್ನ ಕರೀರಿ" ಅಂದರು. ತಿಂಗಳಿಗೆ 3,000ದಂತೆ ಒಂದು ಆರ್.ಡಿ. ಶುರು ಮಾಡಿದ್ದೇನೆ.